ಐದು ವ್ಯಾಟ್, ಒಂದು ಕಡ್ಡಿ: ವಾಹನದ ಆಂಟೆನಾ ಲೆಕ್ಕ

ಅಮೆರಿಕದ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊಗೆ ಎಎಂ ವಿಧಾನದಲ್ಲಿ ಕಾನೂನು ಕೊಟ್ಟಿರುವ ಶಕ್ತಿ 4 ವ್ಯಾಟ್. ಆಸ್ಟ್ರೇಲಿಯಾದ ಯುಎಚ್‌ಎಫ್ ಸಿಬಿಗೆ 5 ವ್ಯಾಟ್. ಮರಳುಗಾಡು, ಕಾಡು, ಬೆಟ್ಟದ ಹಾದಿಗಳಲ್ಲಿ ಸಾಲಾಗಿ ಹೋಗುವ ಜೀಪುಗಳು ಒಂದರೊಡನೊಂದು ಮಾತಾಡುವುದು ಇಷ್ಟರಲ್ಲೇ. ಅಗ್ಗದ ಸೆಟ್‌ಗೂ ದುಬಾರಿ ಸೆಟ್‌ಗೂ ಮಿತಿ ಒಂದೇ. ಆದರೂ ಒಬ್ಬರ ಮಾತು ಮೊದಲ ತಿರುವಿನಾಚೆಗೇ ಕರಗಿಹೋಗುತ್ತದೆ, ಇನ್ನೊಬ್ಬರದು ಹಲವು ಕಿಲೋಮೀಟರ್ ದಾಟಿ ಸ್ಪಷ್ಟವಾಗಿ ಕೇಳಿಸುತ್ತದೆ. ವ್ಯತ್ಯಾಸ ಇರುವುದು ಆಂಟೆನಾದಲ್ಲಿ: ಅದರ ಉದ್ದ, ಅದನ್ನು ನಿಲ್ಲಿಸಿದ ಜಾಗ, ಅಲ್ಲಿಂದ ಸೆಟ್‌ವರೆಗೆ ಬರುವ ಕೇಬಲ್. ಈ ಮೂರನ್ನೂ ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ಹಾಕಿದವರಿಗೆ ದುಡ್ಡು ಉಳಿಯುತ್ತದೆ, ಕಷ್ಟದ ಹೊತ್ತಿನಲ್ಲಿ ದನಿ ತಲುಪುತ್ತದೆ.

ಕಾರಿನೊಂದಿಗೆ ಬಂದ ಕಡ್ಡಿ

ಮೊದಲು ಎಫ್‌ಎಂ ಕೇಳುವ ಕಡ್ಡಿಯ ಮಾತು. ಸೂತ್ರ ಸುಲಭ: 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಬೆಂಗಳೂರಿನ ಕಾಮನಬಿಲ್ಲು ಕೇಂದ್ರದ 101.3ಕ್ಕೆ ಅದು 74 ಸೆಂ.ಮೀ.; 91.1ಕ್ಕೆ 82 ಸೆಂ.ಮೀ. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಇಡೀ ಎಫ್‌ಎಂ ಬ್ಯಾಂಡಿಗೆ ಬೇಕಾದ ಉದ್ದ 85ರಿಂದ 69 ಸೆಂ.ಮೀ. ಹಳೆಯ ಜೀಪು, ಕಾರುಗಳ ಉದ್ದನೆಯ ಕಡ್ಡಿ ಮುಕ್ಕಾಲು ಮೀಟರಿನ ಆಸುಪಾಸು ಇದ್ದದ್ದು ಈ ಕಾರಣಕ್ಕೆ.

ಕಾಡುಹಾದಿಯಲ್ಲಿ ಕೊಂಬೆಗೆ ಸಿಕ್ಕಿ ಆ ಕಡ್ಡಿ ಬಾಗುತ್ತದೆ, ಮುರಿಯುತ್ತದೆ. ಅದರ ಜಾಗಕ್ಕೆ 20 ಸೆಂ.ಮೀ.ನ ರಬ್ಬರ್ ತುಂಡು ಹಾಕಿಸುವವರು ಬಹಳ. ನಗರದೊಳಗೆ ಕೇಂದ್ರದ ಪ್ರಸಾರ ಬಲವಾಗಿರುವುದರಿಂದ ಹೆಚ್ಚು ಕೊರತೆ ಕಾಣುವುದಿಲ್ಲ. ದೂರ ಹೋದಂತೆ ಲೆಕ್ಕ ಬದಲಾಗುತ್ತದೆ. ಮಧ್ಯಮ ತರಂಗದಲ್ಲಿ ಇದು ಇನ್ನೂ ಸ್ಪಷ್ಟ: 612 ಕಿಲೋಹರ್ಟ್ಸ್‌ನ ತರಂಗ 490 ಮೀಟರ್ ಉದ್ದ, ಅದರ ಮುಂದೆ ಕಾರಿನ ಯಾವ ಕಡ್ಡಿಯೂ ಗಿಡ್ಡವೇ. ಅಲ್ಲಿ ಉದ್ದ ತಗ್ಗಿದಷ್ಟೂ ಹಿಡಿಯುವ ಸಂಕೇತ ತಗ್ಗುತ್ತದೆ. 80 ಸೆಂ.ಮೀ. ತೆಗೆದು 20 ಹಾಕಿದರೆ ವೋಲ್ಟೇಜ್ ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ 12 ಡೆಸಿಬೆಲ್ ನಷ್ಟ. 40 ಸೆಂ.ಮೀ.ನ ಬಳುಕುವ ಕಡ್ಡಿ ಹಾಕಿದರೆ ನಷ್ಟ 6 ಡೆಸಿಬೆಲ್‌ಗೆ ನಿಲ್ಲುತ್ತದೆ. ಕೊಂಬೆಯನ್ನೂ ತಾಳಿಕೊಂಡು ರೇಡಿಯೊವನ್ನೂ ಕೇಳಬೇಕೆನ್ನುವವರಿಗೆ ಈ ನಡುವಿನ ಉದ್ದವೇ ಸರಿ.

ಭಾರತದಲ್ಲಿ ಇಂಥ ಕಡ್ಡಿಗೆ ಕೆಲವು ನೂರು ರೂಪಾಯಿ, ಅಮೆರಿಕದಲ್ಲಿ ಸುಮಾರು 10ರಿಂದ 25 ಡಾಲರ್. ಕೊಳ್ಳುವಾಗ ಎರಡು ಸಂಗತಿ ನೋಡಬೇಕು. ಒಂದು, ತಿರುಪಿನ ಅಳತೆ: ಹೆಚ್ಚಾಗಿ 5 ಅಥವಾ 6 ಮಿ.ಮೀ. ಇರುತ್ತದೆ, ಹಳೆಯದನ್ನು ಬಿಚ್ಚಿಕೊಂಡು ಹೋಗಿ ಹೋಲಿಸುವುದು ಒಳ್ಳೆಯದು. ಎರಡು, ಬುಡದಲ್ಲಿ ಆಂಪ್ಲಿಫೈಯರ್ ಇದೆಯೇ ಎಂಬುದು. ಮೀನಿನ ರೆಕ್ಕೆಯಾಕಾರದ ಆಂಟೆನಾಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದಕ್ಕೆ ವಿದ್ಯುತ್ತು ಸೇರದಿದ್ದರೆ ಹೊಸ ಆಂಟೆನಾ ಹಾಕಿಯೂ ಸದ್ದು ಬರುವುದಿಲ್ಲ. ಈ ಕಡ್ಡಿ ಕೇಳುವುದಕ್ಕೆ ಮಾತ್ರ. ಮಾತಾಡುವ ಸೆಟ್ಟನ್ನು ನೇರವಾಗಿ ಇದಕ್ಕೆ ಜೋಡಿಸಿದರೆ ಸೆಟ್ ಕೆಡುವ ಅಪಾಯವಿದೆ.

ಮಾತಾಡುವ ಕಡ್ಡಿಯ ಅಳತೆ

ಅದೇ ಸೂತ್ರವನ್ನು ಆಫ್‌ರೋಡ್ ರೇಡಿಯೊಗಳಿಗೆ ಹಚ್ಚಿದರೆ ಕಾಲು ತರಂಗದ ಉದ್ದ ಹೀಗೆ ಬರುತ್ತದೆ:

– ಸಿಬಿ, 27.2 ಮೆಗಾಹರ್ಟ್ಸ್: 2.76 ಮೀ.
– ಹ್ಯಾಮ್ (ಹವ್ಯಾಸಿ ರೇಡಿಯೊ), 145 ಮೆಗಾಹರ್ಟ್ಸ್: 52 ಸೆಂ.ಮೀ.
– ಅಮೆರಿಕದ ಜಿಎಂಆರ್‌ಎಸ್ (ಜನರಲ್ ಮೊಬೈಲ್ ರೇಡಿಯೊ ಸರ್ವಿಸ್), 462 ಮೆಗಾಹರ್ಟ್ಸ್: 16.2 ಸೆಂ.ಮೀ.
– ಆಸ್ಟ್ರೇಲಿಯಾದ ಯುಎಚ್‌ಎಫ್ ಸಿಬಿ, 477 ಮೆಗಾಹರ್ಟ್ಸ್: 15.7 ಸೆಂ.ಮೀ.

ಲೋಹದ ಕಡ್ಡಿಯನ್ನು ಇದಕ್ಕಿಂತ ಶೇ 5ರಷ್ಟು ಕಡಿಮೆ ಮಾಡಿ ಕತ್ತರಿಸುವುದು ರೂಢಿ. ಸಿಬಿ ಬಳಸುವವರು ಮೆಚ್ಚುವ ಪೂರ್ಣ ಉದ್ದದ ಉಕ್ಕಿನ ಕಡ್ಡಿ 102 ಇಂಚು, ಅಂದರೆ 2.59 ಮೀ. ಇಷ್ಟು ಉದ್ದದ ಕಡ್ಡಿ ಮರದ ಕೆಳಗೆ ನುಸುಳುವುದು ಕಷ್ಟ. ಅದಕ್ಕೇ ಬಹುಪಾಲು ಜೀಪುಗಳಲ್ಲಿ ತಂತಿ ಸುತ್ತಿದ 3 ಅಥವಾ 4 ಅಡಿಯ ಫೈಬರ್ ಕಡ್ಡಿ ಇರುತ್ತದೆ. ಗಿಡ್ಡವಾದಷ್ಟೂ ಅದು ಕಳೆದುಕೊಳ್ಳುವ ಶಕ್ತಿ ಹೆಚ್ಚು, ಹಾಗಾಗಿ ಹಾದಿ ಅವಕಾಶ ಕೊಡುವಷ್ಟು ಉದ್ದದ್ದನ್ನೇ ಆರಿಸಬೇಕು.

ಕಡ್ಡಿ ಹಾಕಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಿಡಿಯಲೇಬೇಕು; ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬುದನ್ನು ಅದು ಅಳೆಯುತ್ತದೆ. ಅದು 1.5 ತೋರಿಸಿದರೆ ಸೆಟ್ ಕಳಿಸಿದ ಶಕ್ತಿಯಲ್ಲಿ ಶೇ 4 ಹಿಂದಕ್ಕೆ ಬರುತ್ತಿದೆ. 2 ಇದ್ದರೆ ಶೇ 11. 3 ಇದ್ದರೆ ಶೇ 25. ಅಮೆರಿಕದ 40 ಚಾನೆಲ್‌ಗಳ ಸೆಟ್‌ನಲ್ಲಿ 1ನೇ ಚಾನೆಲ್‌ಗಿಂತ 40ರಲ್ಲಿ ಓದು ಹೆಚ್ಚಿದ್ದರೆ ಕಡ್ಡಿ ಉದ್ದವಾಗಿದೆ, ತುದಿ ತಗ್ಗಿಸಬೇಕು. ತಿರುವುಮುರುವಾಗಿದ್ದರೆ ಕಡ್ಡಿ ಗಿಡ್ಡ.

ಗೇನ್: ಹೆಚ್ಚು ಎಂದರೆ ಒಳ್ಳೆಯದೇ?

ಗೇನ್ ಎಂದರೆ ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಪ್ರಮಾಣ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಆಂಟೆನಾ ಮಾರುವುದು ಅದರ ಡೆಸಿಬೆಲ್ ಲೆಕ್ಕದಲ್ಲಿ: 3, 6, 9. ಆಂಟೆನಾ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹರಡುವ ಬಗೆ ಬದಲಿಸುತ್ತದೆ. ಸಾದಾ ಅರ್ಧ ತರಂಗದ ಡೈಪೋಲ್ ಮೇಲೆ ಕೆಳಗೆ 78 ಡಿಗ್ರಿ ಅಗಲಕ್ಕೆ ಸಂಕೇತ ಹರಡುತ್ತದೆ. 6 ಡೆಸಿಬೆಲ್‌ನದು ಸುಮಾರು 30 ಡಿಗ್ರಿಗೆ, 9ರದು ಸುಮಾರು 15 ಡಿಗ್ರಿಗೆ ಕಿರಿದಾಗುತ್ತದೆ. ಸಮತಟ್ಟಾದ ಒಳನಾಡಿನಲ್ಲಿ ಈ ತೆಳುವಾದ ಪಟ್ಟಿ ನೆಲಕ್ಕೆ ಸಮಾನಾಂತರವಾಗಿ ದೂರ ಓಡುತ್ತದೆ. ಜೀಪು 20 ಡಿಗ್ರಿ ಏರಿನಲ್ಲಿ ವಾಲಿ ನಿಂತರೆ ಅದೇ ಪಟ್ಟಿ ಒಂದು ಕಡೆ ಆಕಾಶಕ್ಕೂ ಇನ್ನೊಂದು ಕಡೆ ಮಣ್ಣಿಗೂ ಹೋಗುತ್ತದೆ. ಬೆಟ್ಟದ ಹಾದಿಗೆ 3, ಬಯಲಿಗೆ 6 ಅಥವಾ 9. ಒಂದೇ ಬುಡಕ್ಕೆ ಎರಡು ಕಡ್ಡಿ ಇಟ್ಟುಕೊಂಡು ಊರು ನೋಡಿ ಬದಲಿಸುವುದು ಅಲ್ಲಿನ ಅನುಭವಿಗಳ ಪದ್ಧತಿ.

ಎತ್ತರದ ಬೆಲೆ

ಯುಎಚ್‌ಎಫ್ ಸಂಕೇತ ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲೇ ಸಾಗುತ್ತದೆ. ಬಯಲಿನಲ್ಲಿ ಅದರ ದಿಗಂತ ಕಿಲೋಮೀಟರ್‌ನಲ್ಲಿ ತಿಳಿಯಲು ಆಂಟೆನಾ ಎತ್ತರದ ವರ್ಗಮೂಲವನ್ನು 4.12ರಿಂದ ಗುಣಿಸಬೇಕು, ಎರಡೂ ವಾಹನಗಳದ್ದನ್ನು ಕೂಡಿಸಬೇಕು. ಎರಡೂ ಆಂಟೆನಾ ಬಂಪರಿನ ಬಳಿ 1.2 ಮೀ. ಎತ್ತರದಲ್ಲಿದ್ದರೆ 9 ಕಿ.ಮೀ. ಚಾವಣಿಯ ಮೇಲೆ 2 ಮೀ.ನಲ್ಲಿದ್ದರೆ 11.7 ಕಿ.ಮೀ. ಒಂದು ವಾಹನ 100 ಮೀ. ಎತ್ತರದ ಗುಡ್ಡ ಹತ್ತಿ ನಿಂತರೆ 47 ಕಿ.ಮೀ. ಇದು ಅಡ್ಡಿಯಿಲ್ಲದ ಬಯಲಿನ ಗರಿಷ್ಠ ಲೆಕ್ಕ, ಮರ ಮತ್ತು ದಿಣ್ಣೆಗಳು ಅದನ್ನು ಕಡಿಮೆ ಮಾಡುತ್ತವೆ. ಆದರೂ ಪಾಠ ಒಂದೇ: 80 ಸೆಂ.ಮೀ. ಎತ್ತರಿಸಿದ್ದಕ್ಕೆ ಶೇ 29 ಹೆಚ್ಚು ದೂರ, ಯಾವ ಖರ್ಚೂ ಇಲ್ಲದೆ.

ಕಾಲು ತರಂಗದ ಕಡ್ಡಿಗೆ ಕೆಳಗೆ ಲೋಹದ ಹಾಸು ಬೇಕು, ಕಡ್ಡಿಯ ಸುತ್ತ ಅದರಷ್ಟೇ ಉದ್ದಕ್ಕೆ. 477 ಮೆಗಾಹರ್ಟ್ಸ್‌ಗೆ ಸುಮಾರು 32 ಸೆಂ.ಮೀ. ಅಗಲದ ತಗಡು ಸಾಕು, ಲೋಹದ ಚಾವಣಿಯ ಯಾವ ಕಾರಿನಲ್ಲೂ ಅದು ಸಿಗುತ್ತದೆ. 27 ಮೆಗಾಹರ್ಟ್ಸ್‌ಗೆ ಐದೂವರೆ ಮೀಟರ್ ಅಗಲ ಬೇಕು, ಅದು ಯಾವ ಜೀಪಿನಲ್ಲೂ ಇಲ್ಲ. ಜೀಪ್ ರ‍್ಯಾಂಗ್ಲರ್‌ನ ಚಾವಣಿ ಬಟ್ಟೆ ಅಥವಾ ಪ್ಲಾಸ್ಟಿಕ್ಕಿನದು. ಅಂಥ ವಾಹನಕ್ಕೆ ಬಾನೆಟ್ ಅಂಚು ಆರಿಸಬೇಕು, ಇಲ್ಲವೇ ಹಾಸು ಬೇಡದ ಅರ್ಧ ತರಂಗದ ಕಡ್ಡಿ ಕೊಳ್ಳಬೇಕು.

430 ಡಾಲರ್, 240 ಡಾಲರ್

ವ್ಯಾಟ್ ಮಿತಿ ಸಡಿಲವಿರುವ ಕಡೆಯೂ ಈ ಲೆಕ್ಕ ನಿಲ್ಲುತ್ತದೆಯೇ? ಅಮೆರಿಕದ ಜಿಎಂಆರ್‌ಎಸ್‌ನ ಮುಖ್ಯ ಚಾನೆಲ್‌ಗಳಲ್ಲಿ 50 ವ್ಯಾಟ್‌ವರೆಗೆ ಅನುಮತಿ ಇದೆ. ಪರವಾನಗಿಗೆ 2022ರಿಂದ 35 ಡಾಲರ್. 10 ವರ್ಷ, ಇಡೀ ಮನೆಯವರಿಗೆ. ವರ್ಷಕ್ಕೆ ಮೂರೂವರೆ ಡಾಲರ್ ಬಿತ್ತು. ಪರೀಕ್ಷೆ ಇಲ್ಲ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೂ ಕೈಗೆಟಕುವ ಬೆಲೆ.

ಮೊದಲ ದಾರಿ: 50 ವ್ಯಾಟ್ ಸೆಟ್ಟಿಗೆ ಸುಮಾರು 400 ಡಾಲರ್, ಸಾದಾ ಕಾಲು ತರಂಗದ ಕಡ್ಡಿ ಮತ್ತು 5 ಮೀ. ಆರ್‌ಜಿ-58 ಕೇಬಲ್‌ಗೆ 30. ಒಟ್ಟು 430. ಎರಡನೆಯದು: 15 ವ್ಯಾಟ್ ಸೆಟ್ಟಿಗೆ ಸುಮಾರು 150, 3 ಡೆಸಿಬೆಲ್ ಹೆಚ್ಚು ಗೇನ್ ಇರುವ ಆಂಟೆನಾಕ್ಕೆ 50, ಒಳ್ಳೆಯ ಬುಡ ಮತ್ತು ದಪ್ಪ ಎಲ್‌ಎಂಆರ್-240 ಕೇಬಲ್‌ಗೆ 40. ಒಟ್ಟು 240.

ಈ ಆವರ್ತನದಲ್ಲಿ 5 ಮೀ. ಆರ್‌ಜಿ-58 ಸುಮಾರು 1.7 ಡೆಸಿಬೆಲ್ ನುಂಗುತ್ತದೆ, ಎಲ್‌ಎಂಆರ್-240 ಸುಮಾರು 0.9. ಮೊದಲ ದಾರಿಯಲ್ಲಿ 50 ವ್ಯಾಟ್ ಆಂಟೆನಾ ತಲುಪುವಾಗ ಸುಮಾರು 34. ಎರಡನೆಯದರಲ್ಲಿ 15 ವ್ಯಾಟ್ ಸುಮಾರು 12 ಆಗಿ ತಲುಪಿ, ಗೇನ್‌ನಿಂದ 24ಕ್ಕೆ ಸಮನಾಗುತ್ತದೆ. ಮಾತು ಕಳಿಸುವುದರಲ್ಲಿ ಹಿಂದೆ ಬಿದ್ದದ್ದು ಒಂದೂವರೆ ಡೆಸಿಬೆಲ್‌ನಷ್ಟು, ಕಿವಿಗೆ ಗೊತ್ತಾಗುವುದೇ ಅಪರೂಪ. ಕೇಳುವುದರಲ್ಲಿ ಮಾತ್ರ ಎರಡನೆಯದು 3.8 ಡೆಸಿಬೆಲ್ ಮುಂದಿದೆ, ಏಕೆಂದರೆ ಸೆಟ್ಟಿನ ವ್ಯಾಟ್ ಕಳಿಸುವಾಗ ಮಾತ್ರ ದುಡಿಯುತ್ತದೆ, ಆಂಟೆನಾ ಕೇಳುವಾಗಲೂ ದುಡಿಯುತ್ತದೆ. ಕೈಯಲ್ಲಿ ಉಳಿದದ್ದು 190 ಡಾಲರ್. ಸಿಬಿಯವರಿಗೆ ಕೇಬಲ್ ಚಿಂತೆ ಕಡಿಮೆ: 27 ಮೆಗಾಹರ್ಟ್ಸ್‌ನಲ್ಲಿ ಅದೇ 5 ಮೀ. ಆರ್‌ಜಿ-58 ನುಂಗುವುದು 0.4 ಡೆಸಿಬೆಲ್‌ನಷ್ಟೇ.

ಭಾರತಕ್ಕೆ ತರುವ ಮುನ್ನ

ವಿದೇಶದಿಂದ ಮರಳುವವರು ಈ ಸೆಟ್‌ಗಳನ್ನು ತಂದು ಘಟ್ಟದ ಹಾದಿಯಲ್ಲಿ ಬಳಸಬಹುದೆಂದು ಭಾವಿಸಬಾರದು. 462 ಮತ್ತು 477 ಮೆಗಾಹರ್ಟ್ಸ್ ಭಾರತದಲ್ಲಿ ಪರವಾನಗಿ ಬೇಡದ ಬ್ಯಾಂಡ್‌ಗಳಲ್ಲ. 2005ರ ನಿಯಮ ಪರವಾನಗಿಯಿಂದ ಬಿಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮಿತಿಯಲ್ಲಿ. ಅಮೆರಿಕದ ಸಿಬಿಯ 40 ಚಾನೆಲ್‌ಗಳಲ್ಲಿ ಮೊದಲ 27 ಮಾತ್ರ ಇದರೊಳಗೆ ಬರುತ್ತವೆ. ಸೆಟ್ಟಿಗೆ ಸರ್ಕಾರದ ಉಪಕರಣ ಅನುಮೋದನೆಯೂ ಬೇಕು, ಹೊರಗಿನ ಆಂಟೆನಾ ಜೋಡಿಸುವ ಮುನ್ನ ಅದರ ಷರತ್ತು ಓದಿಕೊಳ್ಳಬೇಕು. ಇನ್ನೊಂದು ನೇರ ದಾರಿ ಹ್ಯಾಮ್ ಪರವಾನಗಿ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಪಾಸಾದರೆ 144ರಿಂದ 146 ಮೆಗಾಹರ್ಟ್ಸ್ ಸಿಗುತ್ತದೆ. ಅದರ ಅರ್ಧ ಮೀಟರಿನ ಕಡ್ಡಿ ಕಾಡುಹಾದಿಗೆ ಹೊಂದುವ ಅಳತೆ.

ಹಾಗಾಗಿ ಖರ್ಚಿನ ಕ್ರಮ ಹೀಗಿರಲಿ: ಮೊದಲು ಕಾನೂನು ಒಪ್ಪುವ ಬ್ಯಾಂಡ್, ಆಮೇಲೆ ವಾಹನದಲ್ಲಿ ಸಿಗುವ ಅತಿ ಎತ್ತರದ ಲೋಹದ ಜಾಗ, ಆಮೇಲೆ ಅಲ್ಲಿ ನಿಲ್ಲುವ ಸರಿಯಾದ ಉದ್ದದ ಕಡ್ಡಿ, ಆಮೇಲೆ ಕೇಬಲ್ ಮತ್ತು ಮೀಟರ್. ಉಳಿದ ದುಡ್ಡಿಗೆ ಬಂದ ಸೆಟ್ ಸಾಕು. ಹಾದಿಯಲ್ಲಿ ಗಾಡಿ ಮಗುಚಿದವರು ಕರೆದಾಗ ಕೇಳಿಸಿಕೊಳ್ಳಬೇಕಾದದ್ದು ಆಂಟೆನಾ, ಅದಕ್ಕೆ ಹಾಕಿದ ಹಣ ಮೊದಲ ಹಣವಾಗಿರಬೇಕು.