ಎಳೆ ಎಲ್ಲಿ ಹರಿದಿದೆ?

“ಮಾಮಾ, ಅರ್ಜಿ ತುಂಬಾಕ ಇವತ್ತ ಕಡೀ ದಿನಾ ಐತಿ. ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರವಲ್ದು.”

ಕಳೆದ ಬೇಸಗೆಯ ಒಂದು ರಾತ್ರಿ, ಎಂಟು ಗಂಟೆಯ ಸುಮಾರಿಗೆ, ಬನಹಟ್ಟಿಯಿಂದ ನನ್ನ ಅಕ್ಕನ ಮಗಳು ದೂರವಾಣಿಯಲ್ಲಿ ಹೇಳಿದ ಮಾತಿದು. ಅರ್ಜಿ ವಿದ್ಯಾರ್ಥಿವೇತನದ್ದು, ಗಡುವು ನಡುರಾತ್ರಿ ಹನ್ನೆರಡಕ್ಕೆ. ಮಧ್ಯಾಹ್ನ ಬೀಸಿದ ಗಾಳಿಮಳೆಗೆ ಮೊಬೈಲ್ ಸಿಗ್ನಲ್ ಕ್ಷೀಣವಾಗಿತ್ತು. ಅರ್ಜಿ ತುಂಬಿಕೊಡುವ ಅಂಗಡಿಗಳು ಆಗಲೇ ಬಾಗಿಲು ಹಾಕಿದ್ದವು. ಉಳಿದುದು ಮನೆಯೊಳಗೆ ಬಂದಿರುವ ತಂತಿಯ ಸಂಪರ್ಕವೊಂದೇ.

ಕನ್ನಡ ಎಂ.ಎ. ಮಾಡಿದವನಿಗೂ ಈ ವಿದ್ಯೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆ ಲ್ಯಾಪ್‌ಟಾಪ್ ಮೊದಲು ನನ್ನದೇ ಆಗಿತ್ತು. ಹನ್ನೆರಡು ವರ್ಷಗಳ ಕೆಳಗೆ, ಅಧ್ಯಾಪಕನಾದ ಹೊಸತರಲ್ಲಿ, ಕೆಲವು ತಿಂಗಳ ಸಂಬಳವನ್ನು ಕೂಡಿಹಾಕಿ ಕೊಂಡದ್ದು. ಅದರ ರೋಗಗಳೆಲ್ಲ ನನಗೆ ಪರಿಚಿತ. ಅದರ ವೈಫೈ ಎಂದೋ ಸತ್ತುಹೋಗಿದ್ದರಿಂದ ಅದಕ್ಕೆ ತಂತಿಯೇ ಗತಿಯಾಗಿತ್ತು.

ಜಮಖಂಡಿಯಿಂದ ಬೈಕಿನಲ್ಲಿ ಬನಹಟ್ಟಿಯನ್ನು ಮುಟ್ಟಿದಾಗ ಒಂಬತ್ತು ಸಮೀಪಿಸಿತ್ತು. ಭಾವನವರು ಮುಖ ಬಾಡಿಸಿಕೊಂಡು ಕುಳಿತಿದ್ದರು. ಸೀರೆಯ ಸಾಹುಕಾರರಿಂದ ಮುಂಗಡ ಪಡೆದಾದರೂ ಹೊಸ ಲ್ಯಾಪ್‌ಟಾಪ್ ತರುವುದೆಂದು ಅವರು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದರು. ಎರಡು ಮಗ್ಗಗಳ ಸಂಸಾರಕ್ಕೆ ಅದೇನು ಸಣ್ಣ ಮಾತಲ್ಲ. ಅಕ್ಕ ಮಾತ್ರ ಒಳಗಿನಿಂದ ನೀರು ತಂದಿಡುತ್ತ, “ಒಂದ್ ಎಳಿ ಹರದ್ರ ಮಗ್ಗಾ ಮಾರತಾರೇನೋ ತಮ್ಮಾ? ಎಲ್ಲಿ ಹರದೈತಿ, ಅದನ್ನ ನೋಡು,” ಎಂದಳು.

ಅಂದಿನ ಕೆಲಸಕ್ಕೆಲ್ಲ ಆ ಮಾತೇ ದಾರಿ ತೋರಿಸಿತು. ಹಾಸಿನ ಎಳೆ ಹರಿದಾಗ ನೇಕಾರನು ಮಗ್ಗವನ್ನೆಲ್ಲ ಬಿಚ್ಚುವುದಿಲ್ಲ. ನೇಯ್ದ ಬಟ್ಟೆಯ ಅಂಚಿನಿಂದ ಹಿಂದಕ್ಕೆ ಬೆರಳಾಡಿಸುತ್ತ ಹೋಗಿ, ಹರಿದ ತುದಿಯನ್ನು ಹಿಡಿದು ಗಂಟು ಹಾಕುತ್ತಾನೆ. ತಂತಿಯ ಸಂಪರ್ಕವನ್ನೂ ಹಾಗೆಯೇ ಕೈಗೆಟುಕುವ ತುದಿಯಿಂದ ಹೊರಗಿನ ತುದಿಯವರೆಗೆ ನೋಡುತ್ತ ಹೋಗಬೇಕು. ನಡುವಿನಲ್ಲಿ ಎಲ್ಲೆಲ್ಲೋ ಒತ್ತಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ, ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಎಂಬುದು ಬ್ರಹ್ಮನಿಗೂ ತಿಳಿಯದು.

ಮೊದಲು ದೀಪಗಳು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ, ಅಂದರೆ ರೂಟರಿನಲ್ಲಿ, ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿನಿಂದ ಬರುವ ಗಾಜಿನೆಳೆಯಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ಮನೆಯೊಳಗೆ ಏನು ಮಾಡಿದರೂ ವ್ಯರ್ಥ. ಸಂಪರ್ಕ ಕೊಟ್ಟವರಿಗೆ ಹೇಳಿಕಳುಹಿಸುವುದೊಂದೇ ಉಪಾಯ. ನಮ್ಮ ಕಡೆ ಕಬ್ಬಿನ ಕಾಲದಲ್ಲಿ ಇದು ಅಪರೂಪವೇನಲ್ಲ. ಎರಡಾಳು ಎತ್ತರ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರು ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲನ್ನು ಕಿತ್ತುಕೊಂಡೇ ಮುಂದೆ ಸಾಗುತ್ತದೆ. ಅಂದು ಕೆಂಪು ದೀಪವಿರಲಿಲ್ಲ. ಆದರೆ ಲ್ಯಾಪ್‌ಟಾಪಿನ ತಂತಿ ಸೇರುವ ಕಿಂಡಿಯ ಪಕ್ಕದ ಪುಟ್ಟ ಹಸುರು ದೀಪವೂ ಇರಲಿಲ್ಲ. ಎಂದಮೇಲೆ ಹರಿದ ಎಳೆ ಈ ಎರಡರ ನಡುವೆಯೇ ಇರಬೇಕು.

ಆ ತಂತಿಯ ಬಗೆಗೆ ಇಲ್ಲಿ ಒಂದೆರಡು ಮಾತು ಹೇಳಬೇಕು. ಹೊದಿಕೆಯೊಳಗೆ ೮ ತಾಮ್ರದ ಎಳೆಗಳು. ಎರಡೆರಡನ್ನು ಹೊಸೆದು ೪ ಜೋಡಿ. ಹೀಗೆ ಹೊಸೆದಿರುವುದು ಅಂದಕ್ಕಲ್ಲ. ಜೋಡಿಯ ಎರಡು ಎಳೆಗಳಲ್ಲಿ ಸಂಕೇತವು ಒಂದಕ್ಕೊಂದು ವಿರುದ್ಧವಾಗಿರುತ್ತದೆ. ಹೊರಗಿನ ವಿದ್ಯುತ್ತಿನ ಗದ್ದಲವಾದರೋ ಎರಡರ ಮೇಲೂ ಸಮವಾಗಿ ಬೀಳುತ್ತದೆ. ಆದುದರಿಂದ ತುದಿಯಲ್ಲಿ ಗದ್ದಲವನ್ನು ಕಳೆದು ಸಂಕೇತವನ್ನು ಉಳಿಸಿಕೊಳ್ಳಬಹುದು. ದೂರವಾಣಿಯ ತಂತಿಗಾಗಿ ಈ ಉಪಾಯಕ್ಕೆ ಗ್ರಹಾಂ ಬೆಲ್ಲನು ೧೮೮೧ರಲ್ಲೇ ಪೇಟೆಂಟ್ ಪಡೆದಿದ್ದನು. ಗೋಡೆಯಾಚೆ ಹಗಲಿರುಳೂ ವಿದ್ಯುತ್ ಮಗ್ಗಗಳು ಸದ್ದು ಮಾಡುವ ರಬಕವಿ-ಬನಹಟ್ಟಿಯಂಥ ಊರಿನಲ್ಲಿ ಆತನಿಗೆ ಒಂದು ನಮಸ್ಕಾರ ಸಲ್ಲಬೇಕು. ಈ ತಂತಿಯ ವ್ಯವಸ್ಥೆಗೆ ‘ಈಥರ್‌ನೆಟ್’ ಎಂದು ಹೆಸರು. ೧೯೭೩ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇಟ್ಟ ಹೆಸರದು. ಬೆಳಕಿನ ಸಂಚಾರಕ್ಕೆ ಆಧಾರವಾಗಿ ವಿಶ್ವವನ್ನೆಲ್ಲ ವ್ಯಾಪಿಸಿದೆಯೆಂದು ವಿಜ್ಞಾನಿಗಳು ಒಂದು ಕಾಲಕ್ಕೆ ನಂಬಿದ್ದ ‘ಈಥರ್’ ಎಂಬುದರ ನೆನಪು ಅದರಲ್ಲಿದೆ. ನಮ್ಮವರ ಆಕಾಶತತ್ತ್ವಕ್ಕೆ ಅದು ದೂರದ ನೆಂಟನೆಂದು ಹೇಳಲು ಆಸೆಯಾಗುತ್ತದೆ, ಇರಲಿ.

ತಂತಿಯ ತುದಿಯ ಪಾರದರ್ಶಕ ಬಿರಡೆಗೆ ಪ್ಲಾಸ್ಟಿಕ್ಕಿನ ನಾಲಗೆಯೊಂದಿರುತ್ತದೆ. ಕಿಂಡಿಯೊಳಗೆ ‘ಟಕ್’ ಎಂದು ಕಚ್ಚಿಕೊಳ್ಳುವುದು ಅದೇ. ನಮ್ಮ ತಂತಿಯಲ್ಲಿ ಅದು ಮುರಿದಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ದೀಪ ಬರುವುದು, ಬಿಟ್ಟರೆ ಹೋಗುವುದು. ರೂಟರಿನೊಡನೆ ಬಂದಿದ್ದ ಮೊಳದುದ್ದದ ತಂತಿ ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಮೇಜನ್ನು ಗೋಡೆಯ ಹತ್ತಿರಕ್ಕೆ ಎಳೆದು ಅದನ್ನು ಸಿಕ್ಕಿಸಿದೆವು. ದೀಪ ಬಂದಿತು, ಇಂಟರ್‌ನೆಟ್ ಬರಲಿಲ್ಲ.

ಇಂಥ ಹೊತ್ತಿನಲ್ಲೇ ಮನುಷ್ಯನು ಧೈರ್ಯಗೆಡುವುದು. ಒಂದು ದೋಷ ಸಿಕ್ಕಿದೊಡನೆ ಅದೇ ಎಲ್ಲಕ್ಕೂ ಕಾರಣವೆಂದು ನಂಬುತ್ತೇವೆ; ಅದನ್ನು ಸರಿಪಡಿಸಿಯೂ ಕೆಲಸವಾಗದಿದ್ದರೆ ಯಂತ್ರವೇ ಸತ್ತಿತೆಂದು ಕೈಬಿಡುತ್ತೇವೆ. ಹಳೆಯ ಯಂತ್ರಗಳಲ್ಲಿ ದೋಷಗಳು ಒಂಟಿಯಾಗಿ ಇರುವುದು ಕಡಮೆ.

ಕಪ್ಪು ಪರದೆಯ ಕಿಟಕಿಯನ್ನು ತೆರೆದು ‘ಐಪಿಕಾನ್ಫಿಗ್’ ಎಂಬ ಆಜ್ಞೆ ಕೊಟ್ಟೆ. ಉತ್ತರವಾಗಿ ಬಂದ ವಿಳಾಸ ೧೬೯.೨೫೪ ಎಂದು ಆರಂಭವಾಗುತ್ತಿತ್ತು. ಇದನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ವಿಳಾಸ ಕೊಡಬೇಕಾದ ರೂಟರು ಮಾತನಾಡದಿದ್ದಾಗ ಲ್ಯಾಪ್‌ಟಾಪು ತನಗೆ ತಾನೇ ಇಟ್ಟುಕೊಳ್ಳುವ ಅನಾಥ ವಿಳಾಸವದು. ಮಧ್ಯಾಹ್ನ ವಿದ್ಯುತ್ತು ಹತ್ತಾರು ಬಾರಿ ಬಂದು ಹೋಗಿದ್ದುದರಿಂದ ರೂಟರಿಗೆ ಮಂಕು ಕವಿದಿರಬೇಕೆಂದು ಊಹಿಸಿದೆ. ಅದನ್ನು ಆರಿಸಿ, ಒಂದು ನಿಮಿಷ ಕಾದು, ಮತ್ತೆ ಹೊತ್ತಿಸಿದೆವು. ಈ ಬಾರಿ ೧೯೨.೧೬೮ ಎಂದು ಮೊದಲಾಗುವ ವಿಳಾಸ ಬಂದಿತು. ‘ಪಿಂಗ್’ ಎಂಬ ಆಜ್ಞೆಯಿಂದ ರೂಟರನ್ನು ಕೂಗಿದೆ, ಓಗೊಟ್ಟಿತು. ಹೊರಗಿನ ೮.೮.೮.೮ ಎಂಬ ಪ್ರಸಿದ್ಧ ವಿಳಾಸವನ್ನು ಕೂಗಿದೆ, ಅದೂ ಓಗೊಟ್ಟಿತು. ದಾರಿ ಪೂರ್ತಿ ತೆರೆದಿತ್ತು. ಆದರೂ ಅರ್ಜಿಯ ಪುಟ ಮಾತ್ರ, ಸಂಪರ್ಕ ಸುರಕ್ಷಿತವಲ್ಲವೆಂದು ಹೇಳಿ ಬಾಗಿಲು ಮುಚ್ಚಿಕೊಂಡಿತು.

ಗಡಿಯಾರ ಹತ್ತೂವರೆ ದಾಟಿತ್ತು. ಮಗು ಉಗುರು ಕಚ್ಚತೊಡಗಿದಳು. ಮುಧೋಳದ ರನ್ನನನ್ನು ತರಗತಿಯಲ್ಲಿ ಪಾಠ ಹೇಳುವ ನನಗೆ ಅವನ ದುರ್ಯೋಧನ ನೆನಪಾದ. ವೈಶಂಪಾಯನ ಸರೋವರದ ನೀರೊಳಗೆ ಅಡಗಿದವನಂತೆ ಈ ದೋಷವೂ ಎಲ್ಲೋ ಉಸಿರು ಬಿಗಿಹಿಡಿದು ಕುಳಿತಿತ್ತು.

ಅದನ್ನು ಕಂಡವಳು ಅವಳೇ. “ಮಾಮಾ, ಇದರಾಗ ತಾರೀಖ ೨೦೧೦ ಅಂತ ತೋರಸಾಕತ್ತೈತಿ!”

ಲ್ಯಾಪ್‌ಟಾಪ್ ಆರಿದ್ದಾಗಲೂ ಅದರ ಗಡಿಯಾರವನ್ನು ನಡೆಸುವುದು ಒಳಗಿನ ನಾಣ್ಯದಾಕಾರದ ಚಿಕ್ಕ ಬ್ಯಾಟರಿ. ಅದು ಬರಿದಾದರೆ, ದೊಡ್ಡ ಬ್ಯಾಟರಿಯೂ ಇಳಿದುಹೋದ ದಿನ, ಯಂತ್ರವು ತನ್ನ ಹಳೆಯ ಕಾಲಕ್ಕೆ ಮರಳುತ್ತದೆ. ಇಂದಿನ ಜಾಲತಾಣಗಳಾದರೋ ತಮ್ಮ ಗುರುತಿಗೆ ಪ್ರಮಾಣಪತ್ರ ತೋರಿಸುತ್ತವೆ. ಪ್ರಮಾಣಪತ್ರಕ್ಕೆ ಆರಂಭದ ದಿನವೂ ಕೊನೆಯ ದಿನವೂ ಇರುತ್ತದೆ. ೨೦೧೦ರಲ್ಲಿ ಇದ್ದೇನೆಂದು ತಿಳಿದ ಯಂತ್ರಕ್ಕೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಅದನ್ನು ನಂಬುವುದಾದರೂ ಹೇಗೆ? ತಾರೀಖು ತಿದ್ದಿದೆವು. ಪುಟ ತೆರೆಯಿತು. ಹನ್ನೊಂದೂ ಕಾಲಿಗೆ ಅರ್ಜಿ ಹೋಯಿತು. ಭಾವನವರು ಎದ್ದು ಹೋಗಿ ಮಗ್ಗದ ಮನೆಯ ದೀಪ ಆರಿಸಿ ಬಂದರು.

ಎಲ್ಲ ಹಳೆಯ ಯಂತ್ರಗಳೂ ಹೀಗೆ ಬದುಕುತ್ತವೆಂದು ಹೇಳಲಾರೆ. ಬೀಳಗಿಯ ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಸಿಡಿಲಿನ ಹೊಡೆತವು ತಂತಿಯ ಮೂಲಕವೇ ಒಳಬಂದು ಕಿಂಡಿಯನ್ನು ಸುಟ್ಟಿತ್ತು. ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರೊಂದನ್ನು ಕೊಂಡು ಅವನು ಕೆಲಸ ಸಾಗಿಸುತ್ತಿದ್ದಾನೆ. ಗುಡುಗು ಕೇಳಿದೊಡನೆ ತಂತಿಯನ್ನು ಕಿತ್ತಿಡುವುದು ಅದಕ್ಕಿಂತ ಅಗ್ಗ. ಮುಧೋಳದ ಸಹೋದ್ಯೋಗಿಯೊಬ್ಬರು ವಿಂಡೋಸನ್ನು ಹೊಸದಾಗಿ ಹಾಕಿಸಿದ ಮೇಲೆ ತಂತಿಯ ಕಿಂಡಿಗೆ ಬೇಕಾದ ಡ್ರೈವರ್ ಇಲ್ಲದೆ ವಾರಗಟ್ಟಲೆ ತೊಳಲಿದರು. ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು! ಕೊನೆಗೆ ನೆರೆಯವರ ಯಂತ್ರದಿಂದ ಪೆನ್‌ಡ್ರೈವಿನಲ್ಲಿ ತಂದರು. ಇನ್ನೊಂದು ಮಾತು: ವಿಂಡೋಸ್ ೭ಕ್ಕೆ ತಯಾರಕರ ರಕ್ಷಣೆ ೨೦೨೦ರ ಜನವರಿ ೧೪ಕ್ಕೆ ಮುಗಿದಿದೆ, ವಿಂಡೋಸ್ ೧೦ಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದ ರಕ್ಷಣೆಯೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅರ್ಜಿ, ಪಾಠ, ಓದು ಇವಕ್ಕೆ ಹಳೆಯ ಯಂತ್ರ ಇರಲಿ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡಬಾರದೆಂದು ಅಕ್ಕನ ಮಗಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಮರುವಾರ ಜಮಖಂಡಿಯಲ್ಲಿ ಆ ನಾಣ್ಯದ ಬ್ಯಾಟರಿಯನ್ನು ಬದಲಾಯಿಸಿಕೊಟ್ಟೆ. ನಾಲಗೆ ಮುರಿದ ತಂತಿಯನ್ನು ಎಸೆಯಲು ಅಕ್ಕನಿಗೆ ಮನಸ್ಸು ಬರಲಿಲ್ಲ. ಈಗ ಅದನ್ನು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದ್ದಾಳೆ.