ನಡುಮೆಟ್ಟಿಲಲ್ಲಿ ಕುರ್ಚಿ ನಿಂತರೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷಗಳಲ್ಲಿ ಎದ್ದ ಮನೆಗಳು ಬಹುಪಾಲು ಒಂದೇ ಬಗೆಯವು. ಕೆಳಗೆ ಹಾಲ್, ಅಡುಗೆಮನೆ, ದೇವರಕೋಣೆ. ಮಲಗುವ ಕೋಣೆಗಳು ಮೇಲೆ. ಕಟ್ಟಿಸುವಾಗ ಯಜಮಾನರಿಗೆ ಐವತ್ತರ ಆಸುಪಾಸು, ಮೆಟ್ಟಿಲು ಒಂದು ಲೆಕ್ಕವೇ ಆಗಿರಲಿಲ್ಲ. ಈಗ ಎಪ್ಪತ್ತು ದಾಟಿದೆ, ಮಂಡಿ ಸವೆದಿದೆ, ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಪೇಟೆಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಲ್ಲಿ ಒಮ್ಮೆ ಮಂಡಿ ಕೈಕೊಟ್ಟರೆ ಹಿರಿಯರು ಕೆಳಗಿಳಿಯುವುದು ಆಸ್ಪತ್ರೆಗೆ ಹೋಗುವ ದಿನ ಮಾತ್ರ. ಬೀದಿ, ನೆರೆಹೊರೆ, ಸಂಜೆಯ ಕಟ್ಟೆ ಮಾತು ಎಲ್ಲವೂ ಹದಿನೆಂಟು ಮೆಟ್ಟಿಲಿನ ಆಚೆಗೆ ಉಳಿದುಬಿಡುತ್ತವೆ.

ಲಿಫ್ಟ್ ಹಾಕಿಸೋಣವೆಂದರೆ ಗುಂಡಿ ತೋಡಬೇಕು, ಸ್ಲ್ಯಾಬ್ ಒಡೆಯಬೇಕು. ಇಷ್ಟೆಲ್ಲ ರಗಳೆಯಿಲ್ಲದೆ ಇರುವ ಮೆಟ್ಟಿಲ ಮೇಲೇ ಹಳಿ ಕೂರಿಸಿ, ಅದರ ಮೇಲೆ ಕುರ್ಚಿಯೊಂದು ಹತ್ತಿ ಇಳಿಯುವಂತೆ ಮಾಡುವ ಸಾಧನವೇ ಸ್ಟೇರ್‌ಲಿಫ್ಟ್. ಬೆಂಗಳೂರು, ಚೆನ್ನೈಗಳಲ್ಲಿ ಇದನ್ನು ಮಾರುವ ಕಂಪನಿಗಳಿವೆ. ಬಂದು ಅಳತೆ ತೆಗೆದುಕೊಂಡು ಕೂರಿಸಿ ಹೋಗುತ್ತಾರೆ. ಇದನ್ನು ಹಾಕಿಸುವುದು ಹೇಗೆ ಎಂಬುದಕ್ಕಿಂತ, ಕೆಟ್ಟರೆ ಏನು ಮಾಡಬೇಕು ಎಂಬುದೇ ನಮ್ಮ ಕಡೆಯ ಮನೆಗಳಿಗೆ ದೊಡ್ಡ ಪ್ರಶ್ನೆ. ಬೆಂಗಳೂರಿನಿಂದ ದಾವಣಗೆರೆಗೇ 260 ಕಿಲೋಮೀಟರ್. ಅಲ್ಲಿಂದ ಮುಂದೆ ಜಗಳೂರಿಗೋ ನ್ಯಾಮತಿಗೋ ಮೆಕ್ಯಾನಿಕ್ ಬರುವುದು ಯಾವಾಗ?

ನಡೆಯಲಾಗದವರನ್ನು ಕೂರಿಸಿ ಮೇಲೆ ಹತ್ತಿಸುವುದು ನಮಗೆ ಹೊಸತಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಸುಮಾರು 650 ಮೆಟ್ಟಿಲುಗಳನ್ನು ಡೋಲಿಯಲ್ಲಿ ಕುಳಿತು ಹತ್ತಿದ ಅಜ್ಜಿ-ತಾತಂದಿರು ಎಷ್ಟೋ ಮಂದಿ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ವೈಟ್‌ಹಾಲ್ ಅರಮನೆಯಲ್ಲಿ ಸೇವಕರು ಹಗ್ಗ ಜಗ್ಗಿ ಮೇಲೇರಿಸುವ ಕುರ್ಚಿಯಿತ್ತೆಂದು ಇತಿಹಾಸಕಾರ ಡೇವಿಡ್ ಸ್ಟಾರ್ಕಿ 2009ರಲ್ಲಿ ಹೇಳಿದ್ದರು. ಮೋಟಾರಿನಿಂದ ಓಡುವ ಕುರ್ಚಿಯನ್ನು 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಿ.ಸಿ. ಕ್ರಿಸ್ಪೆನ್ ಎಂಬುವರು ಮಾಡಿದರು. ಕಾಯಿಲೆಬಿದ್ದ ಗೆಳೆಯನೊಬ್ಬ ತನ್ನ ಮನೆಯ ಮಹಡಿ ಹತ್ತಲಿ ಎಂಬುದು ಅವರ ಉದ್ದೇಶವಾಗಿತ್ತು. 1867ರಿಂದ ಭಾರ ಎತ್ತುವ ಯಂತ್ರಗಳನ್ನು ಮಾಡುತ್ತಿದ್ದ ಬ್ರಿಟನ್ನಿನ ಸ್ಟ್ಯಾನಾ ಕುಟುಂಬ 1975ರಲ್ಲಿ ಈ ಕುರ್ಚಿಗೆ ಕೈಹಾಕಿದ ಮೇಲೆ ಅದು ಸಾಮಾನ್ಯರ ಮನೆಗಳಿಗೂ ಹಬ್ಬಿತು.

ಯಂತ್ರದ ಒಳಗುಟ್ಟು ಸರಳ. ಮೆಟ್ಟಿಲ ಹಾಸಿಗೆ ಬೋಲ್ಟ್ ಬಿಗಿದು ನಿಲ್ಲಿಸಿದ ಅಲ್ಯೂಮಿನಿಯಂ ಹಳಿ. ಹಳಿಯುದ್ದಕ್ಕೂ ಗರಗಸದಂತೆ ಹಲ್ಲಿನ ಪಟ್ಟಿ. ಕುರ್ಚಿಯ ಅಡಿಯ ಪೆಟ್ಟಿಗೆಯಲ್ಲಿ ಮೋಟಾರು, ಗೇರು, ಬ್ರೇಕು, ಸರ್ಕ್ಯೂಟ್ ಬೋರ್ಡು. ಗೇರಿನ ಚಕ್ರ ಪಟ್ಟಿಯ ಹಲ್ಲಿಗೆ ಕಚ್ಚಿಕೊಂಡು ತಿರುಗಿದಂತೆ ಕುರ್ಚಿ ಏರುತ್ತದೆ. ಶಕ್ತಿ ಬರುವುದು ಗೋಡೆಯ ಪ್ಲಗ್ಗಿನಿಂದ ನೇರವಾಗಿ ಅಲ್ಲ. ಇಂದಿನ ಬಹುಪಾಲು ಮಾದರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಕೊಡುತ್ತವೆ. ಹಳಿಯ ಎರಡೂ ತುದಿಯಲ್ಲಿ ಚಾರ್ಜಿಂಗ್ ಬಿಂದುಗಳಿರುತ್ತವೆ, ಕುರ್ಚಿ ಅಲ್ಲಿ ಬಂದು ನಿಂತಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ಹಾಗಾಗಿ ಬೆಸ್ಕಾಂ ಕರೆಂಟ್ ತೆಗೆದರೂ ಹಲವು ಸಲ ಹತ್ತಿ ಇಳಿಯಬಹುದು. ವೇಗ ಸೆಕೆಂಡಿಗೆ 15 ಸೆಂಟಿಮೀಟರ್ ಮೀರಬಾರದೆಂಬುದು ಯುರೋಪಿನ ಇಎನ್ 81-40 ಮಾನದಂಡ. ಐದು ಮೀಟರ್ ಹಳಿ ಏರಲು ಅರ್ಧ ನಿಮಿಷಕ್ಕಿಂತ ಹೆಚ್ಚೇ ಬೇಕು.

ಕುರ್ಚಿ ಓಡಬೇಕಾದರೆ ಸಾಲಾಗಿ ಹಲವು ಸ್ವಿಚ್ಚುಗಳು ಒಪ್ಪಿಗೆ ಕೊಡಬೇಕು. ಸೀಟು ನೇರಕ್ಕೆ ತಿರುಗಿ ಟಕ್ಕೆಂದು ಕೂತಿದೆಯೇ, ಬೀಗದ ಕೀ ಆನ್ ಇದೆಯೇ, ಕಾಲಿಡುವ ಹಲಗೆಯ ಅಂಚಿಗೆ ಏನೂ ತಾಗಿಲ್ಲವೇ, ಹಳಿಯ ತುದಿ ಬಂದಿಲ್ಲವೇ, ಕೈಯ ಬಳಿಯ ಗುಂಡಿ ಒತ್ತಿಯೇ ಇದೆಯೇ. ಇವುಗಳಲ್ಲಿ ಒಂದು ಒಲ್ಲೆ ಎಂದರೂ ಕುರ್ಚಿ ಒತ್ತಿದ ಕಡೆಗೆ ಕದಲುವುದಿಲ್ಲ. ಕೆಟ್ಟಿದೆ ಎಂದು ನಾವು ತಿಳಿಯುವ ಎಷ್ಟೋ ಸಲ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ.

ಅಜ್ಜಿ ಮೇಲೆ ಹೋಗುತ್ತಿದ್ದಾರೆ, ಆರನೇ ಮೆಟ್ಟಿಲ ಬಳಿ ಕುರ್ಚಿ ನಿಂತಿತು ಎಂದುಕೊಳ್ಳಿ. ಮನೆಯವರು ಮೊದಲು ಮಾಡುವುದೇ ತಪ್ಪು ಕೆಲಸ: ಗಾಬರಿಯಿಂದ ಅವರನ್ನು ಎತ್ತಿ ಇಳಿಸಲು ಹೋಗುವುದು. ಬೆಲ್ಟ್ ಹಾಕಿಕೊಂಡು ಕೂತವರು ಅಲ್ಲೇ ಕೂತಿರಲಿ, ಆ ಕುರ್ಚಿ ಜಾರುವುದಿಲ್ಲ. ಕರೆಂಟ್ ಹರಿದಾಗ ಮಾತ್ರ ಬಿಡುವ, ಇಲ್ಲದಾಗ ಸ್ಪ್ರಿಂಗ್ ಬಲದಿಂದ ಹಿಡಿದೇ ಇರುವ ಬ್ರೇಕು ಅದರಲ್ಲಿದೆ. ಅದೂ ಸಾಲದೆಂಬಂತೆ ವೇಗ ಮಿತಿ ಮೀರಿದರೆ ಹಳಿಯನ್ನು ಕಚ್ಚಿ ನಿಲ್ಲಿಸುವ ಇನ್ನೊಂದು ವ್ಯವಸ್ಥೆಯಿದೆ.

ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ. ಮೇಲಕ್ಕೆ ಹೋಗದ ಕುರ್ಚಿ ಕೆಳಕ್ಕೆ ಹೋಗುತ್ತದೆಯೇ? ಗುಂಡಿಯನ್ನು ಕೆಳಮುಖವಾಗಿ ಒತ್ತಿ ನೋಡಿ. ಕೆಳಗಿಳಿದರೆ ಮೋಟಾರು, ಬ್ರೇಕು ಎರಡೂ ಬದುಕಿವೆ ಎಂದರ್ಥ. ಬ್ಯಾಟರಿ ಸೋತಿರದಿದ್ದರೆ, ಮೇಲ್ಮುಖದ ಯಾವುದೋ ಒಂದು ಸೆನ್ಸರ್ ತಡೆಯುತ್ತಿದೆ, ಅಷ್ಟೆ. ಒಂದಡಿ ಕೆಳಗಿಳಿಸಿ, ಕಾಲುಹಲಗೆಯ ಮುಂದೆ, ಪೆಟ್ಟಿಗೆಯ ಅಂಚಿನಲ್ಲಿ ಕಣ್ಣಾಡಿಸಿ. ಹವಾಯಿ ಚಪ್ಪಲಿ, ಪೊರಕೆಯ ತುದಿ, ಮೊಮ್ಮಗನ ಆಟಿಕೆ ಕಾರು, ಸೀರೆಯ ಸೆರಗು ಏನಾದರೂ ಸಿಕ್ಕೇ ಸಿಗುತ್ತದೆ. ಏನೂ ಇಲ್ಲದಿದ್ದರೆ ಆ ಅಂಚಿನ ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ್ದು ಮತ್ತೆ ಮೇಲೆದ್ದು ಬರದಿದ್ದರೆ ಅಲ್ಲಿ ದೂಳು ಹೂತುಕೊಂಡಿದೆ.

ಎರಡೂ ಕಡೆಗೆ ಕದಲದಿದ್ದರೆ ದಾರಿ ಬೇರೆ. ಕುರ್ಚಿಯ ದೀಪ ಉರಿಯುತ್ತಿದೆಯೇ? ಉರಿಯುತ್ತಿದ್ದರೆ ಸೀಟು ಸರಿಯಾಗಿ ತಿರುಗಿ ಕೂತಿಲ್ಲದಿರಬಹುದು, ಮೇಲೆ ಇಳಿಯುವಾಗ ತಿರುಗಿಸಿದ್ದನ್ನು ಪೂರ್ತಿ ಹಿಂದಕ್ಕೆ ತಂದಿರುವುದಿಲ್ಲ. ಕೈಹಿಡಿಯನ್ನು ಮಡಚಿಟ್ಟರೂ ಕೆಲವು ಮಾದರಿಗಳು ಓಡವು. ದೀಪವೇ ಇಲ್ಲದಿದ್ದರೆ ಕೀ, ಮುಖ್ಯ ಸ್ವಿಚ್ಚು, ಫ್ಯೂಸು, ಕೊನೆಗೆ ಬ್ಯಾಟರಿ. ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕೆಂಬುದನ್ನು ಮೊದಲ ದಿನವೇ ಹಿರಿಯರಿಗೆ ಬಿಡಿಸಿ ಹೇಳಬೇಕು. ಟಿವಿ ರಿಮೋಟಿನ ರೂಢಿಯಲ್ಲಿ ಒತ್ತಿ ಬಿಟ್ಟರೆ ಅದು ನಿಂತುಬಿಡುತ್ತದೆ. ಬೆರಳಲ್ಲಿ ನಡುಕವಿರುವವರಿಗೆ ದೊಡ್ಡ ಗುಂಡಿಯ ಹಿಡಿಕೆ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಕುರ್ಚಿಯ ಗುಂಡಿಗೆ ಓಡಿ, ಗೋಡೆಯ ರಿಮೋಟಿಗೆ ಓಡದಿದ್ದರೆ ರಿಮೋಟಿನ ಸೆಲ್ ಬದಲಿಸಿ ನೋಡಿ.

ಇನ್ನು ಬ್ಯಾಟರಿಯ ಮಾತು. ಈ ಕುರ್ಚಿಯ ಕಾಯಿಲೆಗಳ ಮೂಲ ಹೆಚ್ಚಾಗಿ ಇಲ್ಲೇ. ಇಳಿಯುವಾಗ ಸಲೀಸು, ಹತ್ತುವಾಗ ಏದುಸಿರು ಬಿಟ್ಟಂತೆ ನಿಧಾನವಾದರೆ ಬ್ಯಾಟರಿ ಸೋತಿದೆ ಎಂದೇ ತಿಳಿಯಿರಿ. ಲೆಡ್-ಆಸಿಡ್ ಬ್ಯಾಟರಿಗೆ ಸಾಧಾರಣವಾಗಿ ಮೂರರಿಂದ ಐದು ವರ್ಷ ಆಯುಸ್ಸು. ಉಷ್ಣಾಂಶ 25 ಡಿಗ್ರಿಯಿಂದ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜಗಳೂರಿನ ಏಪ್ರಿಲ್ ಬಿಸಿಲಲ್ಲಿ, ಗಾಳಿಯಾಡದ ಮೆಟ್ಟಿಲ ಮೂಲೆಯಲ್ಲಿ ಐದು ವರ್ಷ ನಿರೀಕ್ಷಿಸಬಾರದು.

ಚಾರ್ಜ್ ಆಗದೆ ಸೋಲುವ ಬ್ಯಾಟರಿಗಳೂ ಬಹಳ. ರಾತ್ರಿ ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಬರುವ ಒಳ್ಳೆಯ ಅಭ್ಯಾಸ ನಮ್ಮವರದು. ಅದೇ ಕೈ ಚಾರ್ಜರಿನ ಸ್ವಿಚ್ಚನ್ನೂ ಆರಿಸಿರುತ್ತದೆ. ಆ ಸ್ವಿಚ್ಚಿನ ಮೇಲೆ ಕೆಂಪು ಅಂಟುಪಟ್ಟಿ ಹಚ್ಚಿ ‘ಆರಿಸಬೇಡಿ’ ಎಂದು ಕನ್ನಡದಲ್ಲಿ ಬರೆಯಿರಿ; ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪ್ಲಗ್ಗನ್ನು ಅದರ ಲೈನಿಗೇ ಕೊಡಿಸಿ. ಕುರ್ಚಿಯನ್ನು ತುದಿಯವರೆಗೆ ಒಯ್ಯದೆ ಅರ್ಧ ಅಡಿ ಮೊದಲೇ ಬಿಟ್ಟರೂ ಚಾರ್ಜ್ ಆಗದು. ಬೀಪ್ ಬೀಪ್ ಎಂದು ಕೂಗಿ ಅದು ಹೇಳುವುದು ಇದನ್ನೇ.

ಮಲ್ಟಿಮೀಟರ್ ಹಿಡಿಯಬಲ್ಲ ಎಲೆಕ್ಟ್ರಿಷಿಯನ್ ಬ್ಯಾಟರಿಯ ಸ್ಥಿತಿಯನ್ನು ಹತ್ತು ನಿಮಿಷದಲ್ಲಿ ಪತ್ತೆಮಾಡುತ್ತಾನೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.7 ವೋಲ್ಟ್ ಆಸುಪಾಸು ತೋರಿಸಬೇಕು. ಚಾರ್ಜಿಂಗ್ ಬಿಂದುವಿನಲ್ಲಿ ತುಂಬಿ ನಿಂತಾಗ ಜೋಡಿಯ ಮೇಲೆ 27 ವೋಲ್ಟ್ ಸುಮಾರು. ನಿಜವಾದ ಪರೀಕ್ಷೆ ಭಾರ ಹೊತ್ತಾಗ: ಒಬ್ಬರು ಕೂತು ಹತ್ತುವಾಗ ಎರಡರಲ್ಲಿ ಒಂದು ಹತ್ತು ವೋಲ್ಟಿಗೆ ಕುಸಿದರೆ ಅದು ಸತ್ತಂತೆಯೇ. ಆಗ ಒಂದನ್ನಷ್ಟೇ ಬದಲಿಸಬಾರದು. ಎರಡನ್ನೂ, ಒಂದೇ ಕಂಪನಿಯ ಒಂದೇ ಅಳತೆಯವನ್ನು ಹಾಕಬೇಕು. ಹಲವು ಮಾದರಿಗಳಲ್ಲಿರುವುದು ಕಂಪ್ಯೂಟರ್ ಯುಪಿಎಸ್‌ನಲ್ಲಿ ಬಳಸುವ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯೇ. ಅದು ಹೊನ್ನಾಳಿಯ ಬ್ಯಾಟರಿ ಅಂಗಡಿಯಲ್ಲೂ ಸಿಗುವ ಸರಕು. ವೈರು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಕೈಯ ಉಂಗುರ ಬಿಚ್ಚಿಡಿ.

ಊರೂರಿಗೆ ತೊಂದರೆ ಬೇರೆಬೇರೆ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಸಿಪ್ಪೆಯ ನವಿರು ದೂಳು ಮನೆಯೊಳಗೆ ತೇಲಿಬಂದು ಹಳಿಯ ಹಲ್ಲಿನ ನಡುವೆ, ಗ್ರೀಸಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಕುರ್ಚಿ ಒಂದೇ ಜಾಗದಲ್ಲಿ ಪ್ರತಿಸಲ ಜರ್ಕ್ ಹೊಡೆಯಿತೆಂದರೆ ಅಲ್ಲಿ ನೋಡಿ. ಒಣಬಟ್ಟೆಯಲ್ಲಿ ಒರೆಸಬೇಕು, ಎಣ್ಣೆ ಸುರಿಯಬಾರದು. ಎಣ್ಣೆ ಇನ್ನಷ್ಟು ದೂಳನ್ನು ಕರೆಯುತ್ತದೆ. ಮಲೆನಾಡಿನ ಸೆರಗಿನ ನ್ಯಾಮತಿಯಲ್ಲಿ ಮಳೆಗಾಲದ ತೇವಕ್ಕೆ ಚಾರ್ಜಿಂಗ್ ಬಿಂದುವಿನ ತಾಮ್ರ ಹಸಿರುಗಟ್ಟುತ್ತದೆ, ಪ್ಲಗ್ ತೆಗೆದು ಒಣಬಟ್ಟೆಯಲ್ಲಿ ಉಜ್ಜಿದರೆ ಸಾಕು. ತುಂಗಭದ್ರೆ ಉಕ್ಕಿದಾಗ ನೀರು ನುಗ್ಗುವ ಹೊನ್ನಾಳಿಯ ತಗ್ಗಿನ ಮನೆಗಳವರು ಕುರ್ಚಿಯನ್ನು ಮೇಲಿನ ತುದಿಯಲ್ಲಿ ನಿಲ್ಲಿಸಿ, ಕೆಳಗಿನ ಪ್ಲಗ್ ತೆಗೆದಿಡಬೇಕು. ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ಸಂಜೆಗಳಲ್ಲಿ ಎಲ್ಲರೂ ಪ್ಲಗ್ ತೆಗೆಯುವುದು ಕ್ಷೇಮ. ಮಳೆ ನಿಂತ ಮೇಲೆ ಮರೆಯದೆ ಮತ್ತೆ ಹಾಕಬೇಕು. ಮೆಟ್ಟಿಲು ಮನೆಯ ಹೊರಗಿದ್ದರೆ ಒಳಾಂಗಣದ ಮಾದರಿಯನ್ನು ಹಾಕಿಸಲೇಬೇಡಿ. ಮಳೆ-ಬಿಸಿಲಿಗೆಂದೇ ಮಾಡಿದವು ಬೇರೆ ಇವೆ.

ಜಗಳೂರಿನಂಥ ಬೋರ್‌ವೆಲ್ ನಾಡಿನಲ್ಲಿ ಮೋಟಾರ್ ರೀವೈಂಡಿಂಗ್ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಸುಟ್ಟ ವೈಂಡಿಂಗನ್ನು ವಾಸನೆಯಿಂದ, ಹಿಡಿದ ಬೇರಿಂಗನ್ನು ಸದ್ದಿನಿಂದ ಗುರುತಿಸುವವರು ಅವರು. ರಿಲೇ ಕಟಕಟ ಎನ್ನುತ್ತದೆ, ಮೋಟಾರು ತಿರುಗದು ಎಂದರೆ ಬ್ರೇಕು ಬಿಡುತ್ತಿಲ್ಲವೋ ವೋಲ್ಟೇಜ್ ಕುಸಿಯುತ್ತಿದೆಯೋ ಎಂದು ಅವರು ಬೇಗ ಹೇಳಬಲ್ಲರು. ಈ ವಿದ್ಯೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಪಂಪ್‌ಸೆಟ್ ಲೋಕದ ಒಂದು ಚಾಳಿ ಮಾತ್ರ ಈ ಕುರ್ಚಿಯ ಹತ್ತಿರ ಸುಳಿಯಬಾರದು. ಸ್ಟಾರ್ಟರ್ ಪದೇಪದೇ ಟ್ರಿಪ್ ಆದರೆ ಓವರ್‌ಲೋಡ್ ರಿಲೇಗೆ ಕಡ್ಡಿ ಸಿಕ್ಕಿಸಿ ‘ಡೈರೆಕ್ಟ್’ ಮಾಡಿ ಓಡಿಸುತ್ತಾರಲ್ಲ, ಅದು. ತೋಟದಲ್ಲಿ ಅದರಿಂದ ಹೆಚ್ಚೆಂದರೆ ಮೋಟಾರು ಸುಟ್ಟೀತು. ಇಲ್ಲಿ ಅಂಚಿನ ಸೆನ್ಸರಿಗೋ ತುದಿಯ ಲಿಮಿಟ್ ಸ್ವಿಚ್ಚಿಗೋ ತಂತಿಯ ತುಂಡು ಹಾಕಿ ಬೈಪಾಸ್ ಮಾಡಿದರೆ, ಮುಂದಿನ ಸಲ ಕಾಲುಹಲಗೆಗೆ ಮಗುವಿನ ಪಾದ ಸಿಕ್ಕಾಗ ಕುರ್ಚಿ ನಿಲ್ಲುವುದಿಲ್ಲ. ಬ್ರೇಕು, ವೇಗ ನಿಯಂತ್ರಕ, ಹಳಿಯ ಬೋಲ್ಟುಗಳು, ಸರ್ಕ್ಯೂಟ್ ಬೋರ್ಡು ಈ ನಾಲ್ಕನ್ನು ಕಂಪನಿಯ ತರಬೇತಿ ಪಡೆದವರಿಗೇ ಬಿಡಬೇಕು. ಸುಟ್ಟ ವಾಸನೆ ಬಂದರೆ, ಕುರ್ಚಿ ತಾನಾಗಿ ಒಂದಿಂಚು ಜಾರಿದರೆ, ಹಳಿ ಅಲುಗಿದರೆ ಮುಖ್ಯ ಸ್ವಿಚ್ಚು ತೆಗೆದು ಬಳಕೆ ನಿಲ್ಲಿಸಿ. ಗ್ರಾನೈಟ್ ಹಾಸಿನ ಮೆಟ್ಟಿಲಾದರೆ ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕು ಎದ್ದಿದೆಯೇ ಎಂದು ಆಗಾಗ ಟಾರ್ಚ್ ಹಾಕಿ ನೋಡುವುದು ಮನೆಯವರದೇ ಕೆಲಸ.

ಹಾಕಿಸುವ ಮೊದಲೇ ಕೇಳಬೇಕಾದದ್ದೂ ಇದೆ. ಹತ್ತಿರದ ಮೆಕ್ಯಾನಿಕ್ ಎಲ್ಲಿದ್ದಾನೆ, ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ? ನ್ಯಾಮತಿಗೆ ಶಿವಮೊಗ್ಗವೇ ಹತ್ತಿರ. ಎಷ್ಟು ದಿನದೊಳಗೆ ಬರುತ್ತಾನೆಂದು ವಾರ್ಷಿಕ ಒಪ್ಪಂದದಲ್ಲಿ ಬರೆದುಕೊಡುತ್ತಾರೆಯೇ? ಕೆಟ್ಟಾಗ ಕುರ್ಚಿ ತೋರಿಸುವ ಎರರ್ ಕೋಡ್‌ಗಳ ಪಟ್ಟಿ ಕೊಡುತ್ತಾರೆಯೇ? ಬ್ಯಾಟರಿ ಪೂರ್ತಿ ಸತ್ತಾಗ ಕೈಯಿಂದ ತಿರುಗಿಸಿ ಇಳಿಸುವ ಹಿಡಿಕೆ ಇದೆಯೇ? ಇದ್ದರೆ ಅದನ್ನು ಬಳಸುವ ರೀತಿಯನ್ನು ಮನೆಯ ಇಬ್ಬರಿಗಾದರೂ ಕಲಿಸಿ ಹೋಗಲಿ. ಅರ್ಧ ಬೆಲೆಗೆ ಸಿಗುವ ಹಳೆಯ ಕುರ್ಚಿಯ ಆಸೆ ಬೇಡ ಎನ್ನುವುದಿಲ್ಲ, ನೇರ ಹಳಿಯದಾದರೆ ಉದ್ದ ಕತ್ತರಿಸಿ ಹೊಂದಿಸಬಹುದು. ತಿರುವಿನ ಹಳಿಯನ್ನು ಮಾತ್ರ ಆಯಾ ಮನೆಯ ಅಳತೆಗೇ ಬಗ್ಗಿಸಿರುತ್ತಾರೆ, ಇನ್ನೊಂದು ಮನೆಗೆ ಅದು ಕೂರುವುದಿಲ್ಲ.

ದಾವಣಗೆರೆಯಲ್ಲಿ ಅಂಗವಿಕಲರ ಕೌಶಲ, ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಜನ ಸಿಆರ್‌ಸಿ ಎನ್ನುತ್ತಾರೆ. ಎಲೆಕ್ಟ್ರಿಷಿಯನ್ ವಿದ್ಯೆ ಕಲಿಸುವ ಐಟಿಐಗಳಿವೆ. ಇವೆರಡೂ ಕೈಜೋಡಿಸಿ, ಗಾಲಿಕುರ್ಚಿ, ಬ್ಯಾಟರಿ ತ್ರಿಚಕ್ರ ವಾಹನ, ಸ್ಟೇರ್‌ಲಿಫ್ಟ್‌ಗಳ ದುರಸ್ತಿಯನ್ನು ತಾಲ್ಲೂಕಿಗೆ ಇಬ್ಬರಿಗಾದರೂ ಕಲಿಸುವ ಕಿರು ತರಬೇತಿ ಶುರುಮಾಡಲಿ. ಕುರ್ಚಿ ಮಾರುವ ಕಂಪನಿಗಳು ಅದಕ್ಕೊಂದು ಹಳೆಯ ಯಂತ್ರವನ್ನೂ ಕನ್ನಡದ ಕೈಪಿಡಿಯನ್ನೂ ಒದಗಿಸಲಿ. ಮನೆಯಲ್ಲಿ ಈಗಾಗಲೇ ಕುರ್ಚಿ ಇರುವವರು ಈ ಭಾನುವಾರವೇ ಚಾರ್ಜರಿನ ಸ್ವಿಚ್ಚು ಆನ್ ಇದೆಯೇ ಎಂದು ಒಮ್ಮೆ ನೋಡಿ, ಬ್ಯಾಟರಿ ಹಾಕಿದ ತಿಂಗಳು-ವರ್ಷವನ್ನು ಅದರ ಪೆಟ್ಟಿಗೆಯ ಮೇಲೆ ಬರೆದಿಡಿ.