ನೋಡು, ಮಾಡು, ತಿದ್ದು: ಎಳೆಯರ ವಿನ್ಯಾಸ ಕಮ್ಮಟ

ವಸ್ತುವೊಂದನ್ನು ಬಳಸುವವರ ತೊಡಕನ್ನು ಕಣ್ಣಾರೆ ಕಂಡು, ಆ ತೊಡಕು ಯಾವುದೆಂದು ಖಚಿತವಾಗಿ ಗುರುತಿಸಿ, ಹಲವು ಪರಿಹಾರಗಳನ್ನು ಊಹಿಸಿ, ಮಾದರಿಯೊಂದನ್ನು ಕಟ್ಟಿ, ಅದನ್ನು ಬಳಸಿ ನೋಡಿ ತಿದ್ದುವ ಐದು ಹಂತಗಳ ಕ್ರಮಕ್ಕೆ ವಿನ್ಯಾಸ ಚಿಂತನೆ ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆಯಿಂದ ಹೆಚ್ಚು ಪ್ರಚಾರಕ್ಕೆ ಬಂದ ಈ ಕ್ರಮವನ್ನು ಭಾರತದಲ್ಲಿ ಶಾಲಾಮಕ್ಕಳಿಗೆ ಹೊಂದಿಸಿದವರಲ್ಲಿ ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಸ್ಥಾಪಕಿ ಕಿರಣ್ ಬೀರ್ ಸೇಠಿ ಪ್ರಮುಖರು. ಅವರು 2009ರಲ್ಲಿ ಆರಂಭಿಸಿದ ‘ಡಿಸೈನ್ ಫಾರ್ ಚೇಂಜ್’ ಅದನ್ನು ಅರಿ, ಊಹಿಸು, ಮಾಡು, ಹಂಚಿಕೊ ಎಂಬ ನಾಲ್ಕು ಮೆಟ್ಟಿಲುಗಳಿಗೆ ಇಳಿಸಿತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ಬೇಕಾದ ನೆಲ ಆಗಲೇ ಹದವಾಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿಕಲಿ ಪದ್ಧತಿಯು ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಸಾಲು ಬೆಂಚಿನಿಂದ ಬಿಡಿಸಿ, ಗುಂಪಾಗಿ ನೆಲದ ಮೇಲೆ ಕೂರಿಸಿ, ಸಹಪಾಠಿಗಳ ನೆರವಿನಿಂದ ಅವರವರ ವೇಗಕ್ಕೆ ಕಲಿಯುವುದನ್ನು ರೂಢಿಗೆ ತಂದಿತು. ಕೋವಿಡ್ ಕಾಲದ ಕಲಿಕಾ ನಷ್ಟವನ್ನು ತುಂಬಲು 2022–23ರಲ್ಲಿ ಕೈಗೊಂಡ ಕಲಿಕಾ ಚೇತರಿಕೆಯ ಭಾಗವಾಗಿ ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ನೆರೆಹೊರೆಯ ಶಾಲೆಗಳನ್ನು ಒಂದುಗೂಡಿಸಿ ನಡೆಸಿದ ಕಲಿಕಾ ಹಬ್ಬದಲ್ಲಿ ‘ಕಾಗದ–ಕತ್ತರಿ’, ‘ಮಾಡು–ಆಡು’, ‘ಊರು ತಿಳಿಯೋಣ’ ಮುಂತಾದ ಚಟುವಟಿಕೆಗಳಿದ್ದವು. ಇವುಗಳಲ್ಲಿ ಕೊನೆಯದು ನೋಡುವ ಹಂತಕ್ಕೂ ಉಳಿದೆರಡು ಕಟ್ಟುವ ಹಂತಕ್ಕೂ ಸಲ್ಲುವುದರಿಂದ, ಇವನ್ನು ಒಂದೇ ದಾರದಲ್ಲಿ ಪೋಣಿಸಿದರೆ ವಿನ್ಯಾಸ ಕಮ್ಮಟ ಸಿದ್ಧವಾಗುತ್ತದೆ.

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಊರಿನಲ್ಲಿ ಇಂತಹ ಕಮ್ಮಟಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಜೋಳದ ದಂಟಿನ ಬೆಂಡನ್ನೂ ಸಿಬಿರನ್ನೂ ಜೋಡಿಸಿ ಬಂಡಿ ಕಟ್ಟುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನಲ್ಲಿ ಎತ್ತು ಮಾಡುವುದು ಈ ಸೀಮೆಯ ಮಕ್ಕಳ ಕೈಗೆ ಹೊಸದಲ್ಲ. ವಿಷಯಕ್ಕೂ ದೂರ ಹೋಗಬೇಕಿಲ್ಲ: 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಂಕಸಮುದ್ರ ಪಕ್ಷಿಧಾಮ ಇದೇ ತಾಲ್ಲೂಕಿನಲ್ಲಿದ್ದು, ಹಕ್ಕಿಗಳನ್ನು ಬೆದರಿಸದೆ ನೋಡಲು ಮರೆಯೊಂದನ್ನು ಹೇಗೆ ಕಟ್ಟಬಹುದೆಂಬ ಪ್ರಶ್ನೆಯೇ ನಾಲ್ಕನೆಯ ತರಗತಿಗೆ ಒಂದು ದಿನದ ಕೆಲಸವಾಗಬಲ್ಲದು.

ಇನ್ನೂ ಚಿಕ್ಕವರಿಗೆ ಶಾಲೆಯಂಗಳದ ನಲ್ಲಿಯೇ ಸಾಕು. ಬಿಸಿಯೂಟದ ನಂತರ ಒಂದನೆಯ ತರಗತಿಯ ಮಗುವು ತಟ್ಟೆ ತೊಳೆಯುವುದನ್ನು ಮೂರನೆಯ ತರಗತಿಯ ಮಕ್ಕಳು ಸುಮ್ಮನೆ ನಿಂತು ಗಮನಿಸಬೇಕು. ಅದು ತುದಿಗಾಲಿನಲ್ಲಿ ನಿಲ್ಲುವುದು, ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದರಿಂದ ನಲ್ಲಿ ತಿರುಪಲು ಹೆಣಗುವುದು, ನೀರು ಅಂಗಿಯ ತೋಳಿಗೆ ಇಳಿಯುವುದು ಇವನ್ನೆಲ್ಲ ಚಿತ್ರದಲ್ಲಿ ಗುರುತಿಸಬೇಕು. ಅನಂತರ ನಾಲ್ಕೈದು ಮಕ್ಕಳ ಗುಂಪುಗಳು ರಟ್ಟು, ದಂಟು, ಹುರಿ ಬಳಸಿ ಮೆಟ್ಟಿಲನ್ನೋ ತಟ್ಟೆಯಿಡುವ ಅಟ್ಟಣೆಯನ್ನೋ ಪುಟ್ಟ ಮಾದರಿಯಾಗಿ ಕಟ್ಟಿ, ಅದೇ ಮಗುವಿಗೆ ತೋರಿಸಿ, ಅದು ಹೇಳಿದ್ದನ್ನು ಕೇಳಿ ತಿದ್ದಬೇಕು.

ಕಮ್ಮಟವನ್ನು ರೂಪಿಸುವವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಈ ಕೊನೆಯ ಹಂತದಲ್ಲಿಯೇ. ಮೊದಲ ಮಾದರಿ ಮುರಿಯುವುದು ಸಹಜ; ಆಗ ಶಿಕ್ಷಕರು ಕೈಹಾಕಿ ಸರಿಪಡಿಸಿದರೆ ವಸ್ತುವೇನೋ ಚೆಂದವಾಗುತ್ತದೆ, ಆದರೆ ಏಕೆ ಮುರಿಯಿತೆಂದು ಯೋಚಿಸುವ ಅವಕಾಶವು ಮಗುವಿಗೆ ತಪ್ಪುತ್ತದೆ. ಪ್ರದರ್ಶನಕ್ಕೂ ಬಹುಮಾನಕ್ಕೂ ಹೊರಟ ಕಮ್ಮಟದಲ್ಲಿ ತಿದ್ದುವ ಹೊತ್ತೇ ಮೊದಲು ಕತ್ತರಿಗೆ ಸಿಗುವುದರಿಂದ, ವೇಳಾಪಟ್ಟಿಯಲ್ಲಿ ಕಟ್ಟುವುದಕ್ಕೆ ಇಟ್ಟಷ್ಟೇ ಹೊತ್ತನ್ನು ಮತ್ತೆ ಕಟ್ಟುವುದಕ್ಕೂ ಇಡುವುದು ಅಗತ್ಯ.

ನೀತಿ ಆಯೋಗವು 2016ರಿಂದ ನೆರವು ನೀಡುತ್ತಿರುವ, ಮಕ್ಕಳು ಯಂತ್ರೋಪಕರಣ ಬಳಸಿ ಮಾದರಿ ಕಟ್ಟುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಆರನೆಯ ತರಗತಿಯಿಂದ ಮೇಲಿನವರಿಗೆ ಮೀಸಲು. ಅದಕ್ಕೂ ಕೆಳಗಿನ ಮಕ್ಕಳಿಗೆ ಯಂತ್ರಗಳಿಗಿಂತ ಮೊದಲು ಬಿಡುವು ಬೇಕು. ಶಾಲಾಭಿವೃದ್ಧಿ ಸಮಿತಿಗಳೂ ಶಿಕ್ಷಕರೂ ಮನಸ್ಸು ಮಾಡಿ ತಿಂಗಳಿಗೊಂದು ಶನಿವಾರವನ್ನು ಇಂತಹ ಕಮ್ಮಟಕ್ಕೆ ಮೀಸಲಿಡಬೇಕು.